ಊಟಕ್ಕೆ ಹೋಟೆಲ್ ಹುಡುಕುವ ಮೂರು ದಾರಿ: ಊರಲ್ಲಿ ಹೇಗೆ, ಪ್ರವಾಸದಲ್ಲಿ ಹೇಗೆ

ಹೋದ ಸಲಕ್ಕಿಂತ ಹಿಂದಿನ ಪ್ರವಾಸದ ಎರಡನೇ ದಿನ. ರಾತ್ರಿ 8:50. ನಾನು, ನಮ್ಮ ಮನೆಯವರು, ಅಮ್ಮ, ಮೂವರೂ ಒಂದು ಹೋಟೆಲ್ ಬಾಗಿಲಲ್ಲಿ ನಿಂತಿದ್ದೆವು. ಫೋನಿನಲ್ಲಿ ಆ ಹೋಟೆಲ್‌ಗೆ 4.6 ಸ್ಟಾರ್. ಕೆಳಗೆ ಹಸಿರು ಅಕ್ಷರದಲ್ಲಿ 'ತೆರೆದಿದೆ, 11ಕ್ಕೆ ಮುಚ್ಚುತ್ತದೆ' ಅಂತ ಇತ್ತು. ಒಳಗೆ ಲೈಟ್ ಉರಿಯುತ್ತಿತ್ತು, ಎರಡು ಟೇಬಲ್‌ನಲ್ಲಿ ಜನರೂ ಇದ್ದರು. ಗಲ್ಲಾದಲ್ಲಿ ಕೂತಿದ್ದವರು ಎದ್ದು ಬಂದು, "ಅಡುಗೆಯವರು ಹೊರಟುಬಿಟ್ರು ಮೇಡಂ. ಕುಡಿಯೋಕೆ ಏನಾದ್ರೂ ಬೇಕಾದ್ರೆ ಕೊಡ್ತೀವಿ, ಊಟ ಆಗಲ್ಲ" ಅಂದರು.

ಲಾಡ್ಜಿನಿಂದ ಅಲ್ಲಿಗೆ ಟ್ಯಾಕ್ಸಿಯಲ್ಲಿ 40 ನಿಮಿಷ. ಅಮ್ಮನಿಗೆ ಸಕ್ಕರೆ ಕಾಯಿಲೆ. ಮಾತ್ರೆ ತೆಗೆದುಕೊಂಡ ಮೇಲೆ ಊಟ ತಡವಾದರೆ ಬೆವರುತ್ತಾರೆ, ಕೈ ನಡುಗುತ್ತದೆ. ಅವತ್ತೂ ಹಾಗೇ ಆಯಿತು. ನೀರಿನ ಬಾಟಲಿಯ ಮುಚ್ಚಳ ತಿರುಗಿಸೋಕೂ ಅವರ ಬೆರಳು ಬರಲಿಲ್ಲ. ಬ್ಯಾಗಿನ ತಳದಲ್ಲಿದ್ದ ಗ್ಲೂಕೋಸ್ ಪುಡಿಯನ್ನು ಆ ಬಾಟಲಿಗೇ ಸುರಿದು, ಅಲ್ಲಾಡಿಸಿ, ಕುಡಿಸಿ, ಹೋಟೆಲ್ ಮೆಟ್ಟಿಲ ಮೇಲೆ ಕೂರಿಸಿದೆ. ಹತ್ತು ನಿಮಿಷ ಆದ ಮೇಲೆ ಮುಖಕ್ಕೆ ಕಳೆ ಬಂತು. ಆ ಹತ್ತು ನಿಮಿಷ ನನಗೆ ಈಗಲೂ ಮರೆತಿಲ್ಲ.

ಊರಿಗೆ ಬಂದ ಮೇಲೆ ಹೋಟೆಲ್ ಹುಡುಕುವ ವಿಷಯವನ್ನು ನಾನು ಸರಿಯಾಗಿ ಕೈಗೆತ್ತಿಕೊಂಡೆ. ಮೂರು ದಾರಿ. ಒಂದು, ಫೋನ್ ನೋಡಿ ಸ್ಟಾರ್ ಮೇಲೆ ಆರಿಸೋದು. ಎರಡು, ಗೊತ್ತಿರುವವರನ್ನು ಕೇಳೋದು. ಪ್ರವಾಸದಲ್ಲಾದರೆ ಲಾಡ್ಜಿನ ರಿಸೆಪ್ಷನ್‌ನವರನ್ನೋ ಡ್ರೈವರನ್ನೋ. ಮೂರು, ಬೀದಿಯಲ್ಲಿ ನಡೆದು, ಅಕ್ಕಪಕ್ಕದ ಅಂಗಡಿಯವರು ತಾವು ಎಲ್ಲಿ ತಿನ್ನುತ್ತಾರೆ ಅಂತ ಕೇಳಿ, ಆ ಹೋಟೆಲ್ ಎದುರು ಸ್ವಲ್ಪ ಹೊತ್ತು ನಿಂತು ನೋಡೋದು. ಊರಲ್ಲಿ ಮೂರು ತಿಂಗಳು, ಶನಿವಾರಕ್ಕೊಂದು ಹೊಸ ಹೋಟೆಲ್. ಆಮೇಲೆ ನಾಲ್ಕು ದಿನದ ಇನ್ನೊಂದು ಪ್ರವಾಸ. ಮೊದಲೇ ಹೇಳಿಬಿಡುತ್ತೇನೆ, ನನಗೆ ಮೂರನೆಯದೇ ಇಷ್ಟ. ಉಳಿದ ಎರಡನ್ನು ಪೂರ್ತಿ ಬಿಟ್ಟಿಲ್ಲ, ಆದರೆ ಅಮ್ಮ ಜೊತೆಗಿದ್ದಾಗ ಅವನ್ನೇ ನಂಬಿ ಹೊರಡೋದಿಲ್ಲ.

ಫೋನಿನಿಂದ ಶುರು ಮಾಡುತ್ತೇನೆ, ಏಕೆಂದರೆ ನನ್ನ ತಕರಾರೆಲ್ಲ ಅಲ್ಲೇ ಇದೆ. ತಕರಾರು ಸ್ಟಾರ್ ಬಗ್ಗೆ ಅಷ್ಟಾಗಿ ಅಲ್ಲ, ಟೈಮಿಂಗ್ ಬಗ್ಗೆ. ಮ್ಯಾಪಿನಲ್ಲಿ ಕಾಣುವ ಸಮಯ ಸಾಮಾನ್ಯವಾಗಿ ಮಾಲೀಕರು ಯಾವಾಗಲೋ ಒಂದು ದಿನ ತುಂಬಿಸಿದ್ದು, ಇಲ್ಲಾ ಯಾರೋ ಗ್ರಾಹಕರು ತಿದ್ದುಪಡಿ ಕಳಿಸಿದ್ದು. ಅದು ಬಾಗಿಲಿನ ಸಮಯ. ಒಲೆಯ ಸಮಯ ಬೇರೆ. ಕೊನೇ ಆರ್ಡರ್ ತೆಗೆದುಕೊಂಡ ಮೇಲೆ ಅಡುಗೆಮನೆ ತೊಳೆಯಬೇಕು, ಉಳಿದದ್ದು ಎತ್ತಿಡಬೇಕು, ಕೂತವರು ಏಳಬೇಕು, ಲೆಕ್ಕ ಮುಗಿಯಬೇಕು. ಇದೆಲ್ಲ ಆಗುವಷ್ಟು ಹೊತ್ತು ಬಾಗಿಲು ತೆರೆದೇ ಇರುತ್ತದೆ, ಫೋನ್ ಹಸಿರು ತೋರಿಸುತ್ತಲೇ ಇರುತ್ತದೆ. ಜನ ಕಡಿಮೆ ಇದ್ದ ದಿನ ಅಡುಗೆಯವರನ್ನು ಇನ್ನೂ ಬೇಗ ಕಳಿಸುತ್ತಾರೆ. ಅದನ್ನು ಯಾರೂ ಹೋಗಿ ಮ್ಯಾಪಿನಲ್ಲಿ ಬದಲಾಯಿಸೋದಿಲ್ಲ.

ಇದೇ ಆ್ಯಪ್ ಊರಲ್ಲಿ ಏಕೆ ಇಷ್ಟು ಕಾಟ ಕೊಡೋದಿಲ್ಲ ಅಂತ ತುಂಬಾ ಯೋಚಿಸಿದೆ. ಊರಲ್ಲಿ ಯಾವ ಹೋಟೆಲ್ ಯಾವ ವಾರ ರಜೆ, ಯಾವುದು ಒಂಬತ್ತಕ್ಕೇ ಶಟರ್ ಎಳೆಯುತ್ತದೆ, ಯಾವ ಬೀದಿ ಎಂಟಕ್ಕೇ ಖಾಲಿ, ಎಲ್ಲ ನಮ್ಮ ತಲೆಯಲ್ಲಿರುತ್ತದೆ. ಫೋನ್ ತಪ್ಪು ಹೇಳಿದರೂ ನಾವು ನಮಗೇ ಗೊತ್ತಾಗದಂತೆ ಸರಿ ಮಾಡಿಕೊಳ್ಳುತ್ತೇವೆ. ತಪ್ಪಾಗಿ ಹೋದರೂ ಮನೆ ಇದೆ, ಅಡುಗೆಮನೆ ಇದೆ. ಪರಊರಿನಲ್ಲಿ ಆ ತಿಳಿವಳಿಕೆಯೂ ಇಲ್ಲ, ಆ ಅಡುಗೆಮನೆಯೂ ಇಲ್ಲ.

"ಫೋನ್ ಮಾಡಿ ಕೇಳಬಹುದಿತ್ತಲ್ವಾ" ಅಂತ ತಂಗಿ ಹೇಳಿದಳು. ಎರಡನೇ ಪ್ರವಾಸದಲ್ಲಿ ಅದನ್ನೂ ಮಾಡಿದೆ. ಒಂದು ಸಂಜೆ ಮೂರು ಹೋಟೆಲ್‌ಗೆ ಕರೆ. ಒಂದರ ನಂಬರ್ ಚಾಲ್ತಿಯಲ್ಲಿರಲಿಲ್ಲ. ಇನ್ನೊಂದು ರಿಂಗ್ ಆಗಿ ಆಗಿ ನಿಂತಿತು. ಮೂರನೆಯವರು ಎತ್ತಿದರು. ಆ್ಯಪಿನಲ್ಲಿ 10:30 ಅಂತ ಇದ್ದ ಜಾಗದಲ್ಲಿ ಅವರು ಕೊನೇ ಆರ್ಡರ್ 8:45 ಅಂದರು. ಒಂದೂಮುಕ್ಕಾಲು ಗಂಟೆ ವ್ಯತ್ಯಾಸ! ಇಲ್ಲಿ ಒಂದು ಮಾತು ನೆನಪಿಟ್ಟುಕೊಳ್ಳಿ. "ಓಪನ್ ಇದೆಯಾ?" ಅಂತ ಕೇಳಿದರೆ "ಹೂಂ, ಇದೆ" ಅಂತಲೇ ಉತ್ತರ ಬರುತ್ತದೆ. "ಊಟದ ಕೊನೇ ಆರ್ಡರ್ ಎಷ್ಟು ಗಂಟೆಗೆ?" ಅಂತ ಕೇಳಬೇಕು.

ಇನ್ನು ಸ್ಟಾರ್. ಊರಲ್ಲಿ ಇದಕ್ಕೆ ಒಂದು ಉಪಯೋಗ ಇದೆ. ನೀವು ನೂರು ಸಲ ತಿಂದಿರುವ ಹೋಟೆಲ್‌ಗೆ ಎಷ್ಟು ಸ್ಟಾರ್ ಇದೆ ನೋಡಿ. ನನಗೆ ತುಂಬಾ ಹಿಡಿಸಿದ ಒಂದು ಜಾಗಕ್ಕೆ 3.9, ಎರಡನೇ ಸಲ ಕಾಲಿಡದ ಜಾಗಕ್ಕೆ 4.5. ಹಾಗಾದರೆ ನಮ್ಮೂರಲ್ಲಿ ಆ ಅಂಕಿಯನ್ನು ಹೇಗೆ ಓದಬೇಕು ಅಂತ ನನಗೆ ಗೊತ್ತಾಗುತ್ತದೆ. ಹೊಸ ಊರಿನಲ್ಲಿ ಅಳೆದು ನೋಡೋಕೆ ಅಂಥ ಪರಿಚಿತ ಹೋಟೆಲ್ ಒಂದೂ ಇರೋದಿಲ್ಲ.

ಅಂಕಿಯನ್ನು ಏರಿಸೋದು ಎಷ್ಟು ಸುಲಭ ಅನ್ನೋದಕ್ಕೆ 2017ರಲ್ಲಿ ಲಂಡನ್ನಿನಲ್ಲಿ ನಡೆದದ್ದೇ ಸಾಕ್ಷಿ. ಊಬಾ ಬಟ್ಲರ್ ಅನ್ನುವ ಪತ್ರಕರ್ತ ತಾನು ವಾಸವಿದ್ದ ತೋಟದ ಶೆಡ್ಡನ್ನೇ ರೆಸ್ಟೋರೆಂಟ್ ಅಂತ ಟ್ರಿಪ್ಅಡ್ವೈಸರ್ ಅನ್ನುವ ವಿಮರ್ಶೆ ವೆಬ್‌ಸೈಟಿನಲ್ಲಿ ಹಾಕಿದರು. ಗೆಳೆಯರಿಂದ ವಿಮರ್ಶೆ ಬರೆಸಿದರು. ಒಂದೇ ಒಂದು ಊಟ ಬಡಿಸದೆ, ಸುಮಾರು ಆರು ತಿಂಗಳಲ್ಲಿ ಅದು ಆ ನಗರದ 18 ಸಾವಿರಕ್ಕೂ ಹೆಚ್ಚು ರೆಸ್ಟೋರೆಂಟ್‌ಗಳ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಬಂತು. ಎಲ್ಲ ಹೋಟೆಲ್ ಹಾಗೆ ಅಂತ ನಾನು ಹೇಳೋದಿಲ್ಲ. ಆದರೆ ಸ್ಟಾರಿನ ಹಿಂದೆ ದುಡ್ಡಿದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕಲ್ ಲೂಕಾ 2011ರಲ್ಲಿ ಸಿಯಾಟಲ್ ನಗರದ ರೆಸ್ಟೋರೆಂಟ್‌ಗಳನ್ನು ಅಧ್ಯಯನ ಮಾಡಿ, ಯೆಲ್ಪ್ ಅನ್ನುವ ಅಲ್ಲಿನ ವಿಮರ್ಶೆ ವೆಬ್‌ಸೈಟಿನಲ್ಲಿ ಒಂದು ಸ್ಟಾರ್ ಜಾಸ್ತಿಯಾದರೆ ಆದಾಯ ಶೇ. 5ರಿಂದ 9ರಷ್ಟು ಏರುತ್ತದೆ ಅಂತ ತೋರಿಸಿದರು. ಬಿಲ್ಲಿನ ಜೊತೆಗೇ "ಒಂದು ರಿವ್ಯೂ ಹಾಕಿ ಹೋಗಿ" ಅಂತ ಏಕೆ ಕೇಳುತ್ತಾರೆ ಅಂತ ಇದರಿಂದ ಅರ್ಥವಾಗುತ್ತದೆ.

ಸ್ಟಾರ್ ಮೊದಲು ಹುಟ್ಟಿದ್ದೇ ಪ್ರವಾಸಿಗಾಗಿ ಅನ್ನೋದು ನನಗೆ ಕುತೂಹಲದ ವಿಷಯ. ಫ್ರಾನ್ಸಿನ ಟೈರ್ ಕಂಪನಿ ಮಿಷೆಲಿನ್ 1900ರಲ್ಲಿ ಕಾರಿನವರಿಗಾಗಿ ಗೈಡ್ ತಂದಿತು. 1926ರಲ್ಲಿ ಊಟದ ಜಾಗಗಳಿಗೆ ಸ್ಟಾರ್ ಕೊಡೋಕೆ ಶುರು ಮಾಡಿತು. ಮುಂದೆ ಎರಡು, ಮೂರು ಸ್ಟಾರ್ ಕೂಡ ಬಂದವು. ಎರಡು ಅಂದರೆ ದಾರಿ ಬಿಟ್ಟು ಸ್ವಲ್ಪ ಸುತ್ತಿಕೊಂಡು ಹೋಗಬಹುದು, ಮೂರು ಅಂದರೆ ಅದಕ್ಕಾಗಿಯೇ ಪ್ರಯಾಣ ಮಾಡಬಹುದು. ಎಷ್ಟು ದೂರ ಹೋಗಬಹುದು ಅನ್ನೋದು ಆ ಸ್ಟಾರಿನಲ್ಲೇ ಇತ್ತು. ಈಗಿನ 4.6 ಅದನ್ನು ಹೇಳೋದಿಲ್ಲ. ಅದನ್ನು ನಂಬಿ ನಾನು ಅಮ್ಮನನ್ನು 40 ನಿಮಿಷ ಕರೆದುಕೊಂಡು ಹೋದೆ.

ಫೋನಿನಲ್ಲಿ ನಾನು ಈಗಲೂ ನೋಡೋದು ಎರಡೇ: ಇತ್ತೀಚಿನ ವಿಮರ್ಶೆಗಳು, ಮತ್ತು ಗ್ರಾಹಕರು ತೆಗೆದ ಮೆನು ಕಾರ್ಡಿನ ಫೋಟೋ.

ಎರಡನೇ ದಾರಿ. ಊರಲ್ಲಿ ಆಫೀಸಿನವರನ್ನು ಕೇಳಿದೆ, ಚೆನ್ನಾಗಿ ಕೆಲಸ ಮಾಡಿತು. ನನಗೆ ಗದ್ದಲ ಆಗೋದಿಲ್ಲ, ಅಮ್ಮ ಮೆಟ್ಟಿಲು ಹತ್ತೋದಿಲ್ಲ ಅಂತ ಅವರಿಗೆ ಗೊತ್ತು. ಪ್ರವಾಸದಲ್ಲಿ ರಿಸೆಪ್ಷನ್‌ನವರಿಗೆ ನಾವು ಯಾರು ಅಂತ ಗೊತ್ತಿಲ್ಲ. ದೂರು ಬರಬಾರದು ಅಂತ ಎಲ್ಲರನ್ನೂ ಕಳಿಸುವ ಅದೇ ದೊಡ್ಡ ಜಾಗಕ್ಕೆ ನಮ್ಮನ್ನೂ ಕಳಿಸಿದರು. ಊಟ ಪರವಾಗಿಲ್ಲ. ಯಾವ ಊರಿನಲ್ಲಿ ಬೇಕಾದರೂ ಸಿಗುವಂಥ ಊಟ. ಡ್ರೈವರ್‌ಗಳು ಮುಚ್ಚುವ ಸಮಯ ಮಾತ್ರ ಕರೆಕ್ಟಾಗಿ ಹೇಳುತ್ತಾರೆ, ಅದಕ್ಕೆ ಅವರನ್ನು ಕೇಳಿ.

ಈಗ ನನ್ನ ಇಷ್ಟದ ದಾರಿ. ಇದರಲ್ಲಿ ಕೇಳುವ ಪ್ರಶ್ನೆಯೇ ಮುಖ್ಯ. "ಇಲ್ಲಿ ಒಳ್ಳೆ ಹೋಟೆಲ್ ಯಾವುದು?" ಅಂದರೆ ಜನ ಅತಿಥಿಗೆ ತಕ್ಕ ಉತ್ತರ ಕೊಡುತ್ತಾರೆ. ಎರಡನೇ ಪ್ರವಾಸದ ಮೊದಲನೇ ಸಂಜೆ, ಲಾಡ್ಜಿನ ಹಿಂದಿನ ಬೀದಿಯಲ್ಲಿ ಬೀಗದ ಕೈ ಮಾಡುವವರ ಚಿಕ್ಕ ಅಂಗಡಿ ಇತ್ತು. "ಅಣ್ಣ, ನೀವು ಊಟ ಎಲ್ಲಿ ಮಾಡ್ತೀರ?" ಅಂತ ಕೇಳಿದೆ. ಅವರು ಅರ ಕೆಳಗಿಟ್ಟು, ಕೈ ಒರೆಸಿಕೊಂಡು, ಅಂಗಡಿಯಿಂದ ಇಳಿದೇ ಬಂದರು. "ಆ ಹಳದಿ ಗೋಡೆ ಕಾಣ್ತಿದೆಯಲ್ಲಕ್ಕಾ, ಅದರ ಪಕ್ಕ. ಎಂಟರೊಳಗೆ ಹೋಗಿ. ಆಮೇಲೆ ಏನೂ ಉಳಿಯಲ್ಲ." ಎಲ್ಲಿ, ಎಷ್ಟು ಗಂಟೆಯೊಳಗೆ, ಎರಡೂ ಒಂದೇ ಉಸಿರಿಗೆ ಸಿಕ್ಕಿತು. ಮೂರು ಕರೆ ಮಾಡಿದ್ದರೂ ಫೋನಿನಿಂದ ಇಷ್ಟು ಸಿಕ್ಕಿರಲಿಲ್ಲ.

ಆಮೇಲೆ ಎದುರು ಬದಿಯಲ್ಲಿ ನಿಂತು ನೋಡಿದೆವು. ಟೇಬಲ್ ಖಾಲಿಯಾದ ತಕ್ಷಣ ತುಂಬುತ್ತಿತ್ತು. ಒಬ್ಬರೇ ಬಂದು ಕೂರುವವರು ಜಾಸ್ತಿ. ಅವರು ಮೆನು ಕೇಳದೆ ಹೇಳುತ್ತಿದ್ದರು, ಅಂದರೆ ದಿನಾ ಬರುವವರು. ಪಾರ್ಸೆಲ್‌ಗೆ ಮನೆಯಿಂದಲೇ ಡಬ್ಬಿ ತಂದವರಿದ್ದರು. ನಾನು ಇದನ್ನೆಲ್ಲ ನೋಡೋದು ರುಚಿಗಾಗಿ ಮಾತ್ರ ಅಲ್ಲ. ಬೇಯಿಸಿದ್ದನ್ನು ಕೋಣೆಯ ಸಾಮಾನ್ಯ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದು, ಬಡಿಸುವವರೆಗೆ 60 ಡಿಗ್ರಿಗಿಂತ ಬಿಸಿಯಾಗಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 5ರಿಂದ 60 ಡಿಗ್ರಿ ನಡುವೆ ರೋಗಾಣು ಬೇಗ ಬೆಳೆಯುತ್ತವೆ. ಬೇಗ ಖರ್ಚಾಗುವ ಜಾಗದಲ್ಲಿ ಪಾತ್ರೆ ಅಷ್ಟು ಹೊತ್ತು ಕೂರೋದೇ ಇಲ್ಲ. ಖಾಲಿ ಹೋಟೆಲಿನಲ್ಲಿ ಉದ್ದ ಮೆನು ಕಂಡರೆ ನಾನು ಹಿಂದೆ ಸರಿಯುತ್ತೇನೆ.

ಅವತ್ತು ತಿಂದ ಜಾಗಕ್ಕೇ ಮರುದಿನ ರಾತ್ರಿಯೂ ಹೋದೆವು. ಪ್ರವಾಸದಲ್ಲಿ ಒಂದೇ ಕಡೆ ಎರಡು ಸಲ ತಿಂದರೆ ಅವಕಾಶ ಹಾಳು ಅಂತ ಮೊದಲು ಅಂದುಕೊಳ್ಳುತ್ತಿದ್ದೆ. ಎರಡನೇ ದಿನ ನಾವು ಕೂರುವ ಮೊದಲೇ ಸಪ್ಲೈಯರ್ ಹುಡುಗ ಅಮ್ಮನ ಮುಂದೆ ಬಿಸಿನೀರಿನ ಲೋಟ ಇಟ್ಟ. ಹಿಂದಿನ ದಿನ ಒಂದೇ ಸಲ ಕೇಳಿದ್ದರು ಅಷ್ಟೇ. ಅಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನೋಡೇ, ನೆನಪಿಟ್ಟಿದ್ದಾನೆ" ಅಂದರು.

ಊರಲ್ಲೂ ಇದೇ ದಾರಿಯಿಂದ ನನಗೆ ಒಂದು ಒಳ್ಳೆ ಜಾಗ ಸಿಕ್ಕಿತು. ಆಫೀಸಿನ ದಾರಿಯಲ್ಲೇ ಇದೆ. ಒಂಬತ್ತು ವರ್ಷ ಅದರ ಮುಂದೆ ಓಡಾಡಿದ್ದೇನೆ, ಬೋರ್ಡ್ ಕೂಡ ಓದಿರಲಿಲ್ಲ. ಊರಲ್ಲಿ ನಾವು ಗೊತ್ತಿರುವ ಮೂರು ಹೋಟೆಲ್ ಬಿಟ್ಟು ಬೇರೆ ಕಡೆ ನೋಡೋದೇ ಇಲ್ಲ, ಅಲ್ವಾ? ಟೈಲರ್ ಒಬ್ಬರನ್ನು ಕೇಳಿದ ಮೇಲೆ ಗೊತ್ತಾಯಿತು.

ತೊಂದರೆಯೂ ಇದೆ. ಕಾಲು ನೋವಿರುವವರಿಗೆ ನಡೆಯೋದು ಕಷ್ಟ. ಅದಕ್ಕೆ ಸಂಜೆ ಐದಕ್ಕೆ ನಾನೊಬ್ಬಳೇ ಸುತ್ತಿ ನೋಡಿ ಬರುತ್ತೇನೆ, ಅಮ್ಮ ರೂಮಿನಲ್ಲೇ ಇರುತ್ತಾರೆ. ಕೆಲವು ಅಂಗಡಿಯವರು "ನಾನು ಮನೆಯಿಂದ ಡಬ್ಬಿ ತರ್ತೀನಿ" ಅನ್ನುತ್ತಾರೆ, ಆಗ ಇನ್ನೊಬ್ಬರನ್ನು ಕೇಳಬೇಕು. ಭಾಷೆ ಬಾರದ ಊರಿನಲ್ಲಿ ಕೈಸನ್ನೆಯೇ ಗತಿ. ರಾತ್ರಿ ಒಂಬತ್ತಾದ ಮೇಲೆ ಕೇಳೋಕೆ ಅಂಗಡಿಗಳೇ ತೆರೆದಿರೋದಿಲ್ಲ.

ಹಾಗಾಗಿ ತಡವಾಗಿ ಉಣ್ಣುವವರಿಗೆ, ಒಬ್ಬರೇ ತಿರುಗುವವರಿಗೆ ಫೋನೇ ಸರಿ. ಯಾವುದಾದರೂ ಪದಾರ್ಥ ತಿಂದರೆ ಅಲರ್ಜಿ ಆಗುವವರೂ ಮೊದಲು ವಿಮರ್ಶೆಗಳಲ್ಲಿ ಆ ಪದ ಹುಡುಕಿ ನೋಡಿ, ಆಮೇಲೆ ಹೋಟೆಲಿನಲ್ಲಿ ಕೇಳಿ. ನಾವು ಎಂಟಕ್ಕೆ ಉಣ್ಣುವ ಮನೆಯವರು, ಹೊರಗೆ ಹೋದರೆ ದಿನಕ್ಕೆ ಎರಡು ಹೊತ್ತು ಮೂವರಿಗೂ ಹೋಟೆಲ್ ಊಟವೇ. ಫೋನ್ ಆರಿಸಿಕೊಟ್ಟ ಹೋಟೆಲಿನ ಒಂದು ಬಿಲ್ಲಿನಲ್ಲಿ ಬೀಗದವರು ತೋರಿಸಿದ ಜಾಗದಲ್ಲಿ ಎರಡು ಹೊತ್ತು ಮುಗಿಯಿತು. ನಮ್ಮ ಬಜೆಟ್‌ಗೆ ಅದೂ ದೊಡ್ಡದೇ.

ಮುಂದಿನ ತಿಂಗಳು ಮತ್ತೆ ಐದು ದಿನ ಹೊರಟಿದ್ದೇವೆ. ಲಾಡ್ಜ್ ಬುಕ್ ಆಗಿದೆ, ಅಂಗಡಿ ಬೀದಿಗೆ ಹತ್ತಿರ ಇರುವಂತೆ ನೋಡಿ ಆರಿಸಿದ್ದೇನೆ. ಹೋಟೆಲ್ ಯಾವುದನ್ನೂ ಗುರುತು ಹಾಕಿಟ್ಟಿಲ್ಲ. ಗ್ಲೂಕೋಸ್ ಪ್ಯಾಕೆಟ್ ಎರಡು ಇಟ್ಟಿದ್ದೇನೆ, ಈ ಸಲ ಬ್ಯಾಗಿನ ಮುಂದಿನ ಜೇಬಿನಲ್ಲಿ.