ಫ್ರೆಂಚ್ ಚಮಚದ ಮೇಲಿನ 84 ಬೆಳ್ಳಿಯ ಶುದ್ಧತೆಯಲ್ಲ

ಫ್ರಾನ್ಸ್‌ನಿಂದ ತರಿಸಿದ ಒಂದು ಲಾಟಿನ, ಅಂದರೆ ಒಟ್ಟಿಗೆ ಮಾರಿದ ಸಾಮಾನಿನ ಕಥೆ ಇದು. 12 ಫೋರ್ಕ್, 12 ಚಮಚ, ಜೊತೆಗೆ ಊಟದ ಮೇಜಿನ ಮೇಲೆ ಚಾಕು ಒರಗಿಸಿಡುವ 12 ಪುಟ್ಟ ಪ್ರಾಣಿಗೊಂಬೆಗಳು. ಜಾಹೀರಾತಿನ ತಲೆಬರಹದಲ್ಲಿ ‘ಬೆಳ್ಳಿ 84, ತೂಕ 1.9 ಕೆಜಿ, ಸಾಂಡೋಜ್ ಗೊಂಬೆಗಳು’ ಎಂದಿತ್ತು. ಸಾಂಡೋಜ್ ಒಬ್ಬ ಪ್ರಾಣಿಶಿಲ್ಪಿ. ಕೈಗೆ ಬಂದದ್ದು ಬೆಳ್ಳಿ ಲೇಪದ ಚಮಚಗಳು, ಅವೂ ಮರುಲೇಪ ಕಂಡವು. ಗೊಂಬೆಗಳಲ್ಲಿ ಐದು ನಕಲು ಎರಕ. ದುಡ್ಡು ಹಿಂತಿರುಗಲಿಲ್ಲ. ಏಕೆಂದರೆ ಜಾಹೀರಾತಿನ ತಲೆಬರಹದ ಕೆಳಗಿದ್ದ ಫ್ರೆಂಚ್ ವಿವರಣೆಯಲ್ಲಿ ‘ಮೆತಾಲ್ ಅರ್ಜಾಂತೆ’, ‘ಆನ್ ಲೆತಾ’ ಎಂಬ ಎರಡು ಮಾತು ಇದ್ದವು. ಮೊದಲನೆಯದು ಬೆಳ್ಳಿ ಲೇಪದ ಲೋಹ, ಎರಡನೆಯದು ‘ಇದ್ದದ್ದು ಇದ್ದ ಹಾಗೇ’. ಗಟ್ಟಿ ಬೆಳ್ಳಿಯಾಗಿದ್ದರೆ ‘ಅರ್ಜಾಂ ಮಾಸಿಫ್’ ಎಂದಿರಬೇಕು. ‘ಅರ್ಜಾಂತೆ’ಯನ್ನು ಯಂತ್ರಾನುವಾದ ಬರೀ ಬೆಳ್ಳಿ ಎಂದು ಮಾಡಿಬಿಡುತ್ತದೆ. ಮೂಲ ಭಾಷೆಯ ಸಾಲನ್ನೇ ತೆರೆದು ನೋಡಿ.

84ರ ವಿಷಯಕ್ಕೆ ಬರೋಣ. ರಷ್ಯಾದ ಹಳೆಯ ಬೆಳ್ಳಿಯಲ್ಲಿ 84 ಅಂದರೆ ಸಾವಿರಕ್ಕೆ 875 ಪಾಲು ಶುದ್ಧ ಬೆಳ್ಳಿ. ಫ್ರೆಂಚ್ ಲೇಪದ ಸಾಮಾನಿನಲ್ಲಿ 84 ಅಂದರೆ 12 ಫೋರ್ಕ್, 12 ಚಮಚ ಸೇರಿ ಒಟ್ಟು 24ರ ಮೇಲೆ ಕೂರಿಸಿದ ಬೆಳ್ಳಿಯ ಗ್ರಾಂ. ಒಂದೊಂದಕ್ಕೆ ಮೂರೂವರೆ ಗ್ರಾಂ, ಅದೂ ಹೊಸದಾಗಿದ್ದಾಗ. 1.9 ಕೆಜಿಗೆ ರಷ್ಯನ್ ಲೆಕ್ಕ ಹಾಕಿದವರು 1.66 ಕೆಜಿ ಬೆಳ್ಳಿ ಬಂತೆಂದು ಹಿಗ್ಗುತ್ತಾರೆ. ಇರುವುದು ಹೆಚ್ಚೆಂದರೆ 84 ಗ್ರಾಂ. ಉಳಿದದ್ದೆಲ್ಲ ಸಾಮಾನ್ಯವಾಗಿ ತಾಮ್ರ, ನಿಕಲ್, ಸತು ಸೇರಿದ ಮಿಶ್ರಲೋಹ. ನಮ್ಮಲ್ಲಿ ಅರಿಶಿನ ಕುಂಕುಮದ ತಟ್ಟೆ ಮಾಡುವ ಜರ್ಮನ್ ಸಿಲ್ವರ್ ಅದೇ. ತೂಕದ ಮೇಲೆ ಬೆಲೆ ಹೇಳುವ ಲೇಪದ ಲಾಟನ್ನು ಕೊಳ್ಳಬೇಡಿ.

ಮುದ್ರೆಯಲ್ಲಿ ಚಿತ್ರಕ್ಕಿಂತ ಮೊದಲು ಚೌಕಟ್ಟಿನ ಆಕಾರ ನೋಡಿ. ಫ್ರಾನ್ಸ್‌ನಲ್ಲಿ ಗಟ್ಟಿ ಬೆಳ್ಳಿಯ ತಯಾರಕರ ಮುದ್ರೆ ಇಸ್ಪೀಟಿನ ಡೈಮಂಡ್ ಆಕಾರದ್ದು, ಲೇಪದವರದು ಚೌಕ. ಗಟ್ಟಿ ಬೆಳ್ಳಿಯ ದೊಡ್ಡ ಸಾಮಾನಿಗೆ 1838ರಿಂದ ಮಿನರ್ವಾ ದೇವಿಯ ತಲೆಯ ಸರ್ಕಾರಿ ಮುದ್ರೆಯೂ ಬೀಳುತ್ತದೆ. ಕ್ರಿಸ್ತೋಫ್ಲ್‌ನ ತಕ್ಕಡಿ, ಎರ್ಕುಯಿಯ ಸೆಂಟಾರ್, ಅಂದರೆ ಅರೆಮನುಷ್ಯ ಅರೆಕುದುರೆ, ಇವು ಕಂಪನಿಯ ಗುರುತುಗಳು. ಎಷ್ಟೇ ಗಂಭೀರವಾಗಿ ಕಂಡರೂ ಶುದ್ಧತೆಯ ಪ್ರಮಾಣವಲ್ಲ.

ಇಲ್ಲಿನ ಆಭರಣದಂಗಡಿಗೆ ಒಯ್ದರೆ ಗೊಂದಲ ಇನ್ನಷ್ಟು. ಒರೆಗಲ್ಲಿಗೆ ಹತ್ತುವುದು ಮೇಲಿನ ಪದರ ಮಾತ್ರ. ಎಕ್ಸ್-ಕಿರಣ ಬಿಟ್ಟು ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರವೂ ಮೇಲ್ಮೈಯನ್ನೇ ಓದುತ್ತದೆ. ಸುಮಾರು 30 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ದಪ್ಪ ಇರುವ ಒಳ್ಳೆಯ ಲೇಪಕ್ಕೆ ‘ಬೆಳ್ಳಿ’ ಎಂದೇ ಚೀಟಿ ಕೊಟ್ಟೀತು. ನಂಬಬಹುದಾದದ್ದು ನೀರಿನ ಪರೀಕ್ಷೆ. 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಫೋರ್ಕ್ ತೂಗಿ. ಆಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತಂದು, ಫೋರ್ಕನ್ನು ದಾರದಲ್ಲಿ ಕಟ್ಟಿ ತಳ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. 80 ಗ್ರಾಂ ಫೋರ್ಕಿಗೆ ತಕ್ಕಡಿ 7.7 ಗ್ರಾಂ ತೋರಿಸಿದರೆ ಬೆಳ್ಳಿ, 9.2ರ ಆಸುಪಾಸಿನಲ್ಲಿದ್ದರೆ ಜರ್ಮನ್ ಸಿಲ್ವರ್. ಫೋರ್ಕಿನ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ ಸಿಗುವುದು ಸಾಂದ್ರತೆ: ಬೆಳ್ಳಿಗೆ ಸುಮಾರು 10.4, ಜರ್ಮನ್ ಸಿಲ್ವರ್‌ಗೆ ಸುಮಾರು 8.7. ಟೊಳ್ಳಾದ ಚಾಕು ಹಿಡಿಗಳಿಗೆ ಈ ಲೆಕ್ಕ ಒಗ್ಗುವುದಿಲ್ಲ.

ಮರುಲೇಪ ಮೋಸವೇ ಎಂದೇನಿಲ್ಲ, ಬಲ್ಲವರು ಚೆನ್ನಾಗಿಯೇ ಮಾಡುತ್ತಾರೆ. ಆದರೆ ಲೇಪಕ್ಕೆ ಮುಂಚೆ ಚಕ್ರಕ್ಕೆ ಕೊಟ್ಟು ಉಜ್ಜುವಾಗ ಅಂಚಿನ ಗೆರೆ ಸವೆದು, ಮುದ್ರೆ ಮಸುಕಾಗಿ, ಫೋರ್ಕಿನ ಹಲ್ಲುಗಳು ಮೊಂಡಾಗಿ ಒಂದೊಂದು ಒಂದೊಂದು ಉದ್ದವಾಗುತ್ತವೆ. ಈ ಲಾಟಿನಲ್ಲಿ ಆದದ್ದೂ ಅದೇ. ಫೋಟೋದಲ್ಲಿ ಹೊಳಪೊಂದೇ ಕಂಡಿತ್ತು. ಚಮಚದ ಬೆನ್ನು ಮೇಜಿಗೆ ತಾಗುವ ಕಡೆ ಮಾಸಲು ಹಳದಿ ತೇಪೆ ಇರುವ, ಮುದ್ರೆ ಚೂಪಾಗಿರುವ ಸೆಟ್ಟು ನಮ್ಮ ಲೆಕ್ಕದಲ್ಲಿ ಇದಕ್ಕಿಂತ ಎಷ್ಟೋ ಮೇಲು.

ಗೊಂಬೆಗಳದ್ದು ಬೇರೆಯೇ ಪಾಡು. ಪ್ರಾಣಿಶಿಲ್ಪಿ ಎದುವಾರ್-ಮಾರ್ಸೆಲ್ ಸಾಂಡೋಜ್ (1881–1971) ಕ್ರಿಸ್ತೋಫ್ಲ್‌ನ ಗಾಲಿಯಾ ಹೆಸರಿನಡಿ ಇಂಥ ಗೊಂಬೆಗಳಿಗೆ ರೂಪ ಕೊಟ್ಟವರು. ಮೈ ಚಾಚಿ ಮಲಗಿದ ನರಿ, ನಾಯಿ, ಮೊಲ ಯಾವುದು ಕಂಡರೂ ಅವರ ಹೆಸರು ಅಂಟಿಸುವುದು ಈಗ ಮಾಮೂಲು. ಹೆಸರಿಗೆ ಬೆಲೆ ಕೊಡುವ ಮುಂಚೆ ಭೂತಗನ್ನಡಿ ಹಿಡಿದು ಮುದ್ರೆ ನೋಡಿ. ಲೋಹಕ್ಕೆ ಗುದ್ದಿ ಒತ್ತಿದ ಮುದ್ರೆಯ ಗೋಡೆ ನೆಟ್ಟಗೆ, ತಳ ಚಪ್ಪಟೆ. ಅಸಲಿ ಗೊಂಬೆಯಿಂದ ಅಚ್ಚು ತೆಗೆದು ಎರೆದ ನಕಲಿನಲ್ಲಿ ಮುದ್ರೆಯೂ ಎರಕದ ಜೊತೆಗೇ ಬಂದಿರುತ್ತದೆ, ಅಂಚು ಕರಗಿದ ಸಾಬೂನಿನಂತಿರುತ್ತದೆ, ಅಕ್ಷರದೊಳಗೆ ಸೂಜಿಮೊನೆಯಷ್ಟು ತೂತುಗಳಿರುತ್ತವೆ. ಬಿಸಿ ಲೋಹ ಆರುವಾಗ ಕುಗ್ಗುವುದರಿಂದ ನಕಲು ಅಸಲಿಗಿಂತ ತುಸು ಗಿಡ್ಡ. ಅದೇ ಪ್ರಾಣಿಯ ನಂಬಿಕಸ್ತ ಅಸಲಿನ ಅಳತೆ ಸಿಕ್ಕರೆ ಕ್ಯಾಲಿಪರ್ ಹಿಡಿದು ಹೋಲಿಸಿ. ಕಿವಿ ಮತ್ತು ಪಂಜದ ಸಂದಿಗಳಲ್ಲಿ ಕೆತ್ತನೆ ಮುಚ್ಚಿಹೋಗಿದ್ದರೂ ಅನುಮಾನ ಪಡಿ. ಇಲ್ಲಿ ಸಿಕ್ಕ ಐದು ನಕಲುಗಳು ಸತುವಿನ ಮಿಶ್ರಲೋಹದವು. ನೀರಿನ ಪರೀಕ್ಷೆಯಲ್ಲಿ ಸಾಂದ್ರತೆ 7ರ ಹತ್ತಿರ ಬಂತು, ಲೇಪ ಎದ್ದ ಕಡೆ ಬೂದು ಬಣ್ಣ, ಸಣ್ಣ ಗುಳ್ಳೆ. ಇಂಥವು ಬಿದ್ದರೆ ಬಾಗುವುದಿಲ್ಲ, ತುಂಡಾಗುತ್ತವೆ. ಮರುಲೇಪವೂ ಸುಲಭವಾಗಿ ಹಿಡಿಯುವುದಿಲ್ಲ.

ಕೊಳ್ಳುವ ಮುಂಚೆ ಕಿಟಕಿಯ ಓರೆ ಬೆಳಕಿನಲ್ಲಿ ತೆಗೆದ ಫೋಟೋ ಕೇಳಿ: ಪ್ರತಿ ಮುದ್ರೆ, ಸಾಲಾಗಿಟ್ಟ ಫೋರ್ಕಿನ ತುದಿಗಳು, ಚಮಚಗಳ ಬೆನ್ನು, ಗೊಂಬೆಗಳ ಹೊಟ್ಟೆಯ ಅಡಿ. ಸಾಮಾನು ಬಂದ ಮೇಲೆ ವಿಭೂತಿ, ಹುಣಸೆಹಣ್ಣು, ಹಲ್ಲುಪುಡಿ ಹಾಕಿ ಉಜ್ಜಬೇಡಿ. ದೇವರ ಮನೆಯ ಗಟ್ಟಿ ಬೆಳ್ಳಿ ತಡೆದುಕೊಂಡೀತು, ಮೂರೂವರೆ ಗ್ರಾಂ ಲೇಪ ತಡೆಯದು. ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ದ್ರವ, ಮೆತ್ತನೆ ಹತ್ತಿ ಬಟ್ಟೆ ಸಾಕು. ಚಾಕುಗಳನ್ನು ನೀರಲ್ಲಿ ನೆನೆಹಾಕಲೇಬೇಡಿ. ಹಿಡಿಯೊಳಗಿನ ಅಂಟು ಬಿಸಿಗೆ ಸಡಿಲವಾಗಿ ಅಲಗು ಕಳಚಿ ಬರುತ್ತದೆ.