ನೋ ಪಾರ್ಕಿಂಗ್ ದಂಡ: ಪೋರ್ಟಲ್, ಠಾಣೆ, ನ್ಯಾಯಾಲಯ ಮೂರನ್ನೂ ಹತ್ತಿಳಿದ ಮೇಲೆ

ಕಲಬುರಗಿಯಲ್ಲಿ ಎರಡು ವರ್ಷಗಳೊಳಗೆ ನನ್ನ ಹೆಸರಿಗೆ ಮೂರು ನೋ ಪಾರ್ಕಿಂಗ್ ನೋಟಿಸ್ ಬಂದವು. ಮೂರನ್ನೂ ಬೇರೆ ಬೇರೆ ಕಡೆ ಪ್ರಶ್ನಿಸಿದೆ. ಎರಡು ರದ್ದಾದವು, ಒಂದರಲ್ಲಿ ಸೋತೆ.

ಮೊದಲನೆಯದು ನನ್ನ ಗಾಡಿಯದೇ ಅಲ್ಲ. ಜಗತ್ ವೃತ್ತದ ಬಳಿ ತಪ್ಪಾಗಿ ನಿಲ್ಲಿಸಿದ್ದೀರಿ ಎಂಬ ಸಂದೇಶ ಬಂದ ದಿನ ನನ್ನ ಸ್ಕೂಟರ್ ಆಳಂದದಲ್ಲಿ ಅಕ್ಕನ ಮನೆಯ ಮುಂದಿತ್ತು. ಇ-ಚಲನ್ ಪೋರ್ಟಲ್‌ನಲ್ಲಿ ಚಿತ್ರ ತೆರೆದರೆ ಅದು ಬೈಕ್. ನಂಬರ್ ಪ್ಲೇಟಿನಲ್ಲಿದ್ದ ಮೂರನ್ನು ಎಂಟೆಂದು ಓದಿದ್ದರು. ಅಲ್ಲೇ ದೂರಿನ ವಿಭಾಗದಲ್ಲಿ ಚಲನ್ ಸಂಖ್ಯೆ, ಆರ್‌ಸಿ, ಸ್ಕೂಟರಿನ ಚಿತ್ರ ಹಾಕಿದೆ. ಎರಡು ವಾರಗಳಲ್ಲಿ ರದ್ದಾಯಿತು. ಸಂಖ್ಯೆ ತಪ್ಪು, ಗಾಡಿ ಬೇರೆ, ಒಂದೇ ತಪ್ಪಿಗೆ ಎರಡು ಚಲನ್: ಇಂಥವಕ್ಕೆ ಪೋರ್ಟಲ್‌ಗಿಂತ ಸುಲಭದ ದಾರಿ ಇಲ್ಲ. ಸ್ಥಳದ ಸ್ಥಿತಿಗತಿಯನ್ನು ವಿವರಿಸಬೇಕಾದಾಗ ಮಾತ್ರ ಅದು ಸಾಲದು.

ಎರಡನೆಯ ಬಾರಿ ಹಾಗೆ ವಿವರಿಸಲೇಬೇಕಾಯಿತು, ಠಾಣೆಗೆ ಹೋದೆ. ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಕಾರು ನಿಲ್ಲಿಸಿದ್ದೆ. ಶರಣಬಸವೇಶ್ವರ ಜಾತ್ರೆಯ ದಿನಗಳು. ಶುಭಾಶಯದ ಬ್ಯಾನರ್ ಒಂದು ನಿಷೇಧ ಫಲಕವನ್ನು ಪೂರ್ತಿ ಮುಚ್ಚಿತ್ತು. ಬ್ಯಾನರ್ ಬಿಚ್ಚುವ ಮೊದಲೇ, ಅಕ್ಕಪಕ್ಕದ ಅಂಗಡಿಗಳೂ ಕಾಣುವಂತೆ ಆರು ಚಿತ್ರ ತೆಗೆದೆ. ನನ್ನನ್ನು ಉಳಿಸಿದ್ದು ಆ ಆರು ಚಿತ್ರಗಳೇ. ಠಾಣೆಯಲ್ಲಿ ಮೊದಲು ಸಿಕ್ಕವರು, ‘ದಂಡ ಕಟ್ಟಿ, ಆಮೇಲೆ ಹೇಳಿ’ ಎಂದರು. ಹಾಗೆ ಮಾಡಲೇಬಾರದು. ಮೋಟಾರು ವಾಹನ ಕಾಯ್ದೆಯ 200ನೇ ಕಲಮಿನಡಿ ದಂಡ ಕಟ್ಟಿ ರಾಜಿಯಾದರೆ ಪ್ರಕರಣ ಅಲ್ಲಿಗೇ ಮುಗಿಯುತ್ತದೆ. ಆಮೇಲೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಅರ್ಜಿಯನ್ನು ಎರಡು ಪ್ರತಿ ಬರೆದು, ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಮೂರನೆಯ ದಿನ ಇನ್‌ಸ್ಪೆಕ್ಟರ್ ಚಿತ್ರಗಳನ್ನು ಒಂದೊಂದಾಗಿ ನೋಡಿ, ‘ಇದು ಸರಿಯಿದೆ’ ಎಂದು ರದ್ದು ಮಾಡಿಸಿದರು. ಏಪ್ರಿಲ್ ಹತ್ತಿರವಾಗಿದ್ದ ಬಿಸಿಲಲ್ಲಿ ಎರಡು ಸಲ ಅಲೆದದ್ದು ನಿಜ. ಆದರೂ ಸ್ಥಳದ ಪರಿಸ್ಥಿತಿ ಬಲ್ಲವರ ಮುಂದೆ ಮಾತನಾಡಿದ ತೃಪ್ತಿ ಪೋರ್ಟಲ್‌ನಲ್ಲಿ ಸಿಗದು.

ಈ ಗೆಲುವಿನಿಂದ ಧೈರ್ಯ ಬಂದು, ಮೂರನೆಯದನ್ನು ನ್ಯಾಯಾಲಯಕ್ಕೆ ಒಯ್ದೆ. ಸ್ಟೇಷನ್ ರಸ್ತೆಯಲ್ಲಿ ಕಾರಿನ ಎರಡು ಚಕ್ರ ಪಾದಚಾರಿ ಮಾರ್ಗದ ಮೇಲಿದ್ದವು. ಅಲ್ಲಿ ಫಲಕವೇ ಇರಲಿಲ್ಲ ಎಂಬುದು ನನ್ನ ವಾದ. ಮೂರು ವಾಯಿದೆ, ಮೂರು ದಿನದ ರಜೆ. ಮ್ಯಾಜಿಸ್ಟ್ರೇಟರು ಕೇಳಿದ್ದು ಒಂದೇ ಪ್ರಶ್ನೆ: ‘ಪಾದಚಾರಿ ಮಾರ್ಗಕ್ಕೆ ಫಲಕ ಬೇಕೇ?’ ಬೇಡ. 2017ರ ಚಾಲನಾ ನಿಯಮಾವಳಿಯ ಪ್ರಕಾರ ಪಾದಚಾರಿ ಮಾರ್ಗದ ಮೇಲೆ, ಬಸ್ ನಿಲ್ದಾಣದ ಹತ್ತಿರ ಗಾಡಿ ನಿಲ್ಲಿಸುವುದೇ ತಪ್ಪು. 500 ರೂಪಾಯಿ ದಂಡ ಬಿತ್ತು. 2019ರ ತಿದ್ದುಪಡಿಯ ನಂತರ 177ನೇ ಕಲಮಿನಡಿ ಮೊದಲ ತಪ್ಪಿಗೆ 500, ಮತ್ತೆ ಮಾಡಿದರೆ 1,500 ರೂಪಾಯಿವರೆಗೆ ಹಾಕಬಹುದು. ನನ್ನನ್ನು ಆ ಕಟಕಟೆಯಲ್ಲಿ ಯಾರೂ ಹೀನಾಯವಾಗಿ ನಡೆಸಿಕೊಳ್ಳಲಿಲ್ಲ, ಮಾತು ಪೂರ್ತಿ ಕೇಳಿದರು. ಠಾಣೆಯಲ್ಲಿ ಸಾಕ್ಷ್ಯವನ್ನು ನೋಡಲೂ ಒಪ್ಪದಿದ್ದಾಗ ಮಾತ್ರ ನಾನು ಮತ್ತೆ ನ್ಯಾಯಾಲಯಕ್ಕೆ ಹೋಗುತ್ತೇನೆ.

ರಾಜಿಯಲ್ಲಿ ಪ್ರಕರಣ ಮುಗಿಸುವ ಲೋಕ ಅದಾಲತ್ತನ್ನೂ, ಸರ್ಕಾರದ ಅರ್ಧ ದಂಡದ ರಿಯಾಯಿತಿಯನ್ನೂ ಹಲವರು ದಂಡ ಪ್ರಶ್ನಿಸುವ ಈ ದಾರಿಗಳ ಸಾಲಿಗೇ ಸೇರಿಸುತ್ತಾರೆ. 2023ರ ಫೆಬ್ರವರಿಯಲ್ಲಿ ಅಂಥ ರಿಯಾಯಿತಿ ಬಂದಿತ್ತು, 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಬಂತು. ತಪ್ಪು ಮಾಡಿದವರಿಗೆ ಅದು ಒಳ್ಳೆಯದು. ಮಾಡದವರು ಅರ್ಧವನ್ನಾದರೂ ಏಕೆ ಕಟ್ಟಬೇಕು?

ಮೊನ್ನೆ ಅಪ್ಪನ ಕಾರಿಗೆ ನೋಟಿಸ್ ಬಂತು. ‘ನಿನಗೆ ಇದೆಲ್ಲ ಗೊತ್ತು, ಹೋರಾಡು’ ಎಂದರು. ಮೊದಲು ಚಿತ್ರ ತೆರೆದು ನೋಡಿದೆ. ಕಾರು ಬಸ್ ನಿಲ್ದಾಣಕ್ಕೆ ಒತ್ತಿಕೊಂಡೇ ನಿಂತಿತ್ತು. ಅಪ್ಪನಿಗೂ ತೋರಿಸಿದೆ. ಸಂಜೆಯೇ ದಂಡ ಕಟ್ಟಿದೆವು.