ಶಿರಸಿಯಲ್ಲೇ ಕೂತು ಮಾಡಿದ ಹಿಪ್ನೋಬರ್ತಿಂಗ್ ಕ್ಲಾಸ್: ನನ್ನ ಅನುಭವ

ಶಿರಸಿ, ಕುಮಟಾ, ಕಾರವಾರ, ಎಲ್ಲ ಕಡೆ ವಿಚಾರಿಸಿದೆ. ಹಿಪ್ನೋಬರ್ತಿಂಗ್, ಅಂದರೆ ಹೆರಿಗೆಗೆ ಹೆದರದೆ ಮೈ ಸಡಿಲ ಬಿಟ್ಟು ಉಸಿರಾಡುವ ಅಭ್ಯಾಸ, ಅದನ್ನು ಹೇಳಿಕೊಡುವವರು ನನಗೆ ಸಿಗಲಿಲ್ಲ. ಮಳೆಗಾಲದಲ್ಲಿ ಬಸುರಿ ದೂರ ಓಡಾಡುವುದು ಬೇಡ ಅಂತ ಬೆಂಗಳೂರಿನವರೊಬ್ಬರ ಆನ್‌ಲೈನ್ ಕ್ಲಾಸ್ ಸೇರಿದೆ, ಜೊತೆಗೆ ನಮ್ಮನೆಯವರು.

ಅದಕ್ಕೂ ಮೊದಲು ಇನ್ನೊಬ್ಬರಿಗೆ ಫೋನ್ ಮಾಡಿದ್ದೆ. "ನೋವೇ ಇರಲ್ಲ, ನಾರ್ಮಲ್ ಡೆಲಿವರಿ ಗ್ಯಾರಂಟಿ" ಅಂದರು. ಅಲ್ಲಿಗೇ ಬಿಟ್ಟೆ. ಅಂಥ ಗ್ಯಾರಂಟಿ ಯಾರಿಗೂ ಕೊಡೋಕಾಗಲ್ಲ ಅಲ್ವಾ? ಈ ಬೆಂಗಳೂರಿನ ಟೀಚರ್ ಮೊದಲ ದಿನವೇ, ನಿಮ್ಮ ಡಾಕ್ಟರ್ ಮಾತು ಮೀರಬೇಡಿ, ಸ್ಕ್ಯಾನಿಂಗ್ ತಪ್ಪಿಸಬೇಡಿ, ಸಿಸೇರಿಯನ್ ಆದರೂ ಈ ಉಸಿರಾಟ ಉಪಯೋಗಕ್ಕೆ ಬರುತ್ತದೆ ಅಂದರು. ಆಗಲೇ ನಂಬಿಕೆ ಬಂತು.

ಹಿಪ್ನೋ, ಅಂದರೆ ಸಮ್ಮೋಹನ, ಅಂದಕೂಡಲೇ ನಮ್ಮ ಆಯಿ (ಅಮ್ಮ) ಗಾಬರಿಯಾದಳು. ಗಾಬರಿ ಬೇಡ, ಪೂರ್ತಿ ಎಚ್ಚರವಾಗಿಯೇ ಇರುತ್ತೇವೆ. ಹೆದರಿದರೆ ಮೈ ಬಿಗಿಯುತ್ತದೆ, ಬಿಗಿದರೆ ನೋವು ಜಾಸ್ತಿಯಾಗುತ್ತದೆ ಅಂತ ಇಂಗ್ಲೆಂಡಿನ ಡಾಕ್ಟರ್ ಗ್ರ್ಯಾಂಟ್ಲಿ ಡಿಕ್-ರೀಡ್ 1930ರ ದಶಕದಲ್ಲೇ ಹೇಳಿದ್ದರು. ಅದರ ಆಧಾರದ ಮೇಲೆ 1989ರಲ್ಲಿ ಅಮೆರಿಕದ ಮೇರಿ ಮೊಂಗನ್ ಹಿಪ್ನೋಬರ್ತಿಂಗ್ ಶುರು ಮಾಡಿದರು.

ಕಲಿಸಿದ್ದು ಸರಳ. ನಾಲ್ಕು ಎಣಿಸುತ್ತ ಮೂಗಿನಿಂದ ಉಸಿರು ಎಳೆದುಕೊಳ್ಳಿ, ಎಂಟು ಎಣಿಸುತ್ತ ನಿಧಾನ ಬಿಡಿ. ದವಡೆ ಸಡಿಲ, ಹುಬ್ಬು ಸಡಿಲ, ಭುಜ ಕೆಳಗೆ. ನೋವು ಬಂದಾಗ ಜೊತೆಗಿದ್ದವರು ಅಂಗೈ ಬುಡದಿಂದ ಬೆನ್ನಿನ ಕೆಳತುದಿಗೆ ಗಟ್ಟಿಯಾಗಿ ಒತ್ತಬೇಕು. ನಮ್ಮನೆಯವರು ಸೊಂಟಕ್ಕೆ ಒತ್ತುತ್ತಿದ್ದರು. ಟೀಚರ್ ಕ್ಯಾಮೆರಾದಲ್ಲೇ ನೋಡಿ, ಇನ್ನೂ ಕೆಳಗೆ, ಇನ್ನೂ ಕೆಳಗೆ ಅಂತ ಸರಿಯಾದ ಜಾಗ ಸಿಗುವವರೆಗೆ ಬಿಡಲಿಲ್ಲ. ರೆಕಾರ್ಡೆಡ್ ಕ್ಲಾಸಲ್ಲಿ ಇದು ಸಿಗಲ್ಲ, ಸುಮ್ನೆ ವಿಡಿಯೋ ನೋಡಿದ ಹಾಗಾಗುತ್ತದೆ.

ಕೊರತೆ ಇಲ್ಲ ಅಂತಲ್ಲ. ಫೀಸು ಜಾಸ್ತಿ. ಆಡಿಯೋ ಎಲ್ಲ ಇಂಗ್ಲಿಷಿನಲ್ಲಿತ್ತು, ಕೇಳಿದ ಮೇಲೆ ಪಾಪ ತಾವೇ ಕನ್ನಡದಲ್ಲಿ ರೆಕಾರ್ಡ್ ಮಾಡಿ ಕಳಿಸಿದರು. ಜೋರು ಮಳೆ ಬಂದರೆ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ, ಆಡಿಯೋ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಹೆರಿಗೆಯಲ್ಲಿ ನೋವು ಇತ್ತು, ಜೋರಾಗಿಯೇ ಇತ್ತು. ಆದರೆ ಮುಂದಿನ ನೋವಿಗೆ ಹೆದರಿ ಮುದುಡಿಕೊಳ್ಳಲಿಲ್ಲ. ನನಗೆ ಅಷ್ಟೇ ಬೇಕಿತ್ತು.

ಒಂದು ವಿಷಯ ಮಾತ್ರ ಕ್ಲಾಸಿನಲ್ಲಿ ಹೇಳಲಿಲ್ಲ, ಹೇಳಬೇಕಿತ್ತು. ನಮ್ಮ ಕಡೆ ಎಷ್ಟೋ ಹೆರಿಗೆ ಕೋಣೆಗಳಿಗೆ ಗಂಡಸರನ್ನು ಬಿಡುವುದಿಲ್ಲ. ನನ್ನ ಬೆನ್ನು ಒತ್ತಿದ್ದು ಆಯಿ, ಪಕ್ಕದಲ್ಲಿ ಕೂತು ನೋಡಿ ಕಲಿತದ್ದಕ್ಕೆ ಬಚಾವ್. ಹಾಗಾಗಿ ಒಳಗೆ ಯಾರನ್ನು ಬಿಡುತ್ತಾರೆ ಅಂತ ಆಸ್ಪತ್ರೆಯಲ್ಲಿ ಮೊದಲೇ ಕೇಳಿ, ಅವರನ್ನೇ ಕ್ಲಾಸಿಗೆ ಕೂರಿಸಿ.